ಎಲ್ಲ ಮಾತ್ರೆಯೂ ‘ನಿದ್ದೆ ಮಾತ್ರೆ’ ಅಲ್ಲ

ನಮ್ಮ ದೊಡ್ಡಮ್ಮನ ಔಷಧವೆಲ್ಲ ಇರುತ್ತಿದ್ದುದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ಬಿಪಿ ಮಾತ್ರೆ, ಮಂಡಿನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ. ಅವುಗಳ ನಡುವೆ ಮನೆಮಂದಿಯೆಲ್ಲ ‘ನಿದ್ದೆ ಮಾತ್ರೆ’ ಎಂದು ಕರೆಯುತ್ತಿದ್ದ ಎರಡು ತುಂಡು. ತುಂಡು ಎಂದೆ, ಯಾಕೆಂದರೆ ಮೆಡಿಕಲ್ ಶಾಪಿನಲ್ಲಿ ಹತ್ತರ ಶೀಟನ್ನು ಕತ್ತರಿಯಿಂದ ಕತ್ತರಿಸಿ ಐದೈದು ಕೊಟ್ಟಿದ್ದರು. ಹೆಸರು ಅಚ್ಚಾಗಿದ್ದ ಅರ್ಧ ಇನ್ಯಾರದೋ ಮನೆ ಸೇರಿತ್ತು.

“ಇದು ಯಾವುದು ದೊಡ್ಡಮ್ಮಾ?” ಎಂದರೆ, “ದೊಡ್ಡ ಬಿಳಿದು ಬೆಳಿಗ್ಗೆದು, ಸಣ್ಣ ಬಿಳಿದು ರಾತ್ರಿದು” ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ ದೊಡ್ಡಮ್ಮ ಈ ಮಾತ್ರೆಗಳಿಂದ ಎರಡು ತಿಂಗಳಲ್ಲಿ ಚೇತರಿಸಿಕೊಂಡರು. ಅಡುಗೆಮನೆಗೆ ಬಂದರು, ಹೂ ಕಟ್ಟಿದರು, ಧಾರಾವಾಹಿಯ ಅತ್ತೆಗೆ ಶಾಪ ಹಾಕಿದರು. ಆಮೇಲೆ ಒಂದು ದಿನ, ‘ಎರಡೆರಡು ನಿದ್ದೆ ಮಾತ್ರೆ ಯಾಕೆ, ಒಂದು ಸಾಕು’ ಎಂದು ತಾವೇ ತೀರ್ಮಾನಿಸಿ ಬೆಳಗಿನದನ್ನು ಬಿಟ್ಟರು. ರಾತ್ರಿಯದು ನುಂಗಿದರೆ ನಿದ್ದೆ ಬರುತ್ತಿತ್ತಲ್ಲ, ಅದನ್ನು ಉಳಿಸಿಕೊಂಡರು. ಹಳೆಯ ಚೀಟಿ ತೋರಿಸಿದರೆ ಶಾಪಿನಲ್ಲಿ ಕೊಡುತ್ತಲೂ ಇದ್ದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ವೈದ್ಯರು ಡಬ್ಬಿ ನೋಡಿ ಹೇಳಿದ್ದಿಷ್ಟು. ಬೆಳಗಿನದು ಖಿನ್ನತೆಯ ಔಷಧ. ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಬೇಕಿತ್ತು. ರಾತ್ರಿಯದು ಆತಂಕ ತಗ್ಗಿಸಲು ಮೊದಲ ಮೂರು ವಾರಕ್ಕೆಂದು ಬರೆದದ್ದು. ಅದು ಯಾವಾಗಲೋ ನಿಲ್ಲಬೇಕಿತ್ತು. ಬಿಡಬೇಕಾದದ್ದನ್ನು ಹಿಡಿದುಕೊಂಡು, ಹಿಡಿಯಬೇಕಾದದ್ದನ್ನು ಬಿಟ್ಟಿದ್ದರು. ತಪ್ಪು ದೊಡ್ಡಮ್ಮನದು ಎನ್ನಲಾರೆ. ಎರಡಕ್ಕೂ ನಾವು ಒಂದೇ ಹೆಸರು ಇಟ್ಟಿದ್ದೆವು.

ಮನೋವೈದ್ಯರು ಬರೆಯುವ ಮಾತ್ರೆಗಳಲ್ಲಿ ನಾಲ್ಕೈದು ಬೇರೆಬೇರೆ ಕುಲಗಳಿವೆ. ಒಂದೊಂದರ ನಡಿಗೆ, ಒಂದೊಂದರ ಅಪಾಯ, ಒಂದೊಂದನ್ನು ನಿಲ್ಲಿಸುವ ರೀತಿ ಬೇರೆ. ನಿಮ್ಮ ಕೈಯಲ್ಲಿರುವುದು ಯಾವ ಕುಲದ್ದು ಎಂದು ತಿಳಿದರೆ ಅರ್ಧ ಗೊಂದಲ ಹರಿದಂತೆ. ಈ ಬರಹ ಅಷ್ಟಕ್ಕೆ. ಯಾವ ಮಾತ್ರೆ, ಎಷ್ಟು ಪವರ್ ಎನ್ನುವುದನ್ನು ನಿಮ್ಮನ್ನು ನೋಡಿದ ವೈದ್ಯರೇ ಹೇಳಬೇಕು.

ಎಲ್ಲಿಂದ ಬಂದವು ಇವು?

ಈ ಔಷಧಗಳಿಗೆ ಇನ್ನೂ ನೂರು ವರ್ಷ ತುಂಬಿಲ್ಲ; ಬಹುಪಾಲು ಸಿಕ್ಕಿದ್ದೂ ಆಕಸ್ಮಿಕವಾಗಿ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ ಲಿಥಿಯಂ ಎಂಬ ಸರಳ ಲವಣ ಉನ್ಮಾದವನ್ನು ತಣಿಸುತ್ತದೆ ಎಂದು ಕಂಡುಕೊಂಡ. ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಶಾಂತವಾಗಿಡಲು ಬಳಸುತ್ತಿದ್ದ ಕ್ಲೋರ್‌ಪ್ರೊಮಜೀನ್ ಅನ್ನು 1952ರಲ್ಲಿ ಪ್ಯಾರಿಸ್‌ನ ಡಿಲೇ ಮತ್ತು ಡೆನಿಕರ್ ಮನೋರೋಗಿಗಳಿಗೆ ಕೊಟ್ಟು ನೋಡಿದರು. ಆಸ್ಪತ್ರೆಯ ಬಾಗಿಲುಗಳು ತೆರೆಯತೊಡಗಿದ್ದು ಅಲ್ಲಿಂದ. ಕ್ಷಯಕ್ಕೆಂದು ಕೊಟ್ಟ ಔಷಧವೊಂದು ರೋಗಿಗಳಲ್ಲಿ ಲವಲವಿಕೆ ತಂದದ್ದನ್ನು ಕಂಡು ಖಿನ್ನತೆಯ ಮಾತ್ರೆಗಳ ದಾರಿ ತೆರೆಯಿತು.

ಈ ಕತೆಯಲ್ಲಿ ನಮ್ಮ ನೆಲದ ಬೇರೂ ಒಂದಿದೆ. ಸರ್ಪಗಂಧದ ಬೇರು ರಕ್ತದೊತ್ತಡಕ್ಕೂ ಬುದ್ಧಿಭ್ರಮಣೆಗೂ ಉಪಯೋಗಕ್ಕೆ ಬರುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಅದರಿಂದ ಬೇರ್ಪಡಿಸಿದ ರಿಸರ್ಪಿನ್ ಕೆಲಕಾಲ ಮನೋರೋಗಕ್ಕೆ ಬಳಕೆಯಾಗಿ, ಅದಕ್ಕಿಂತ ಒಳ್ಳೆಯವು ಬಂದ ಮೇಲೆ ಹಿಂದೆ ಸರಿಯಿತು.

ಮಿದುಳಿನ ಕೋಶಗಳು ಒಂದರೊಡನೊಂದು ಮಾತಾಡಲು ಸೆರೊಟೋನಿನ್, ಡೋಪಮಿನ್ ಮುಂತಾದ ರಾಸಾಯನಿಕಗಳನ್ನು ಬಳಸುತ್ತವೆ. ಈ ಮಾತ್ರೆಗಳು ಕೈಯಾಡಿಸುವುದು ಆ ಮಾತುಕತೆಯಲ್ಲಿ. ‘ಸೆರೊಟೋನಿನ್ ಕಡಿಮೆಯಾದರೆ ಖಿನ್ನತೆ’ ಎಂಬ ವಿವರಣೆ ಕೇಳಲು ಸುಲಭ. ನಿಜ ಅದಕ್ಕಿಂತ ಜಟಿಲ. ಆದರೆ ಮಾತ್ರೆಯಿಂದ ಅನೇಕರಿಗೆ ಗುಣವಾಗುತ್ತದೆ ಎನ್ನುವುದು ಪರೀಕ್ಷಿಸಿ ಕಂಡ ಮಾತು. ಸೌಮ್ಯ ಖಿನ್ನತೆಗೆ ಬರೀ ಆಪ್ತಸಮಾಲೋಚನೆಯೇ ಸಾಕಾಗಬಹುದು. ತೀವ್ರವಾದದ್ದಕ್ಕೆ ಮಾತ್ರೆ, ಮಾತು ಎರಡೂ ಬೇಕು.

ಖಿನ್ನತೆ, ಆತಂಕ, ಗೀಳು: ಅವಸರವಿಲ್ಲದ ಮಾತ್ರೆಗಳು

ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್. ಚೀಟಿಯಲ್ಲಿ ಕಂಪನಿಯ ಹೆಸರು ಏನೇ ಇರಲಿ, ಶೀಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಇವುಗಳಲ್ಲೊಂದು ಇದ್ದರೆ ಅದು ಈ ಕುಲದ್ದು. ಹೆಸರು ‘ಖಿನ್ನತೆ ನಿವಾರಕ’ ಎಂದಿದ್ದರೂ ಅತಿ ಆತಂಕ, ಎದೆ ಹೊಡೆದುಕೊಂಡು ಸಾವೇ ಬಂತೆನಿಸುವ ಪ್ಯಾನಿಕ್, ಮತ್ತೆ ಮತ್ತೆ ಕೈ ತೊಳೆಯುವ ಗೀಳು, ಎಲ್ಲಕ್ಕೂ ಮೊದಲ ಆಯ್ಕೆ ಸಾಮಾನ್ಯವಾಗಿ ಇವೇ. ‘ನನಗಿರುವುದು ಗಾಬರಿ, ಖಿನ್ನತೆಯ ಮಾತ್ರೆ ಯಾಕೆ ಕೊಟ್ಟರು?’ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ ಹೆದರಬೇಕಿಲ್ಲ.

ಇವುಗಳ ಬಗ್ಗೆ ಮೊದಲು ತಿಳಿಯಬೇಕಾದದ್ದು ಇವುಗಳ ನಿಧಾನ. ತಲೆನೋವಿನ ಮಾತ್ರೆಯ ಹಾಗೆ ನುಂಗಿದ ಗಂಟೆಯಲ್ಲಿ ಏನೂ ಆಗದು. ಎರಡರಿಂದ ನಾಲ್ಕು ವಾರಕ್ಕೆ ಸುಧಾರಣೆ ಕಾಣತೊಡಗುತ್ತದೆ; ಪೂರ್ಣ ಪರಿಣಾಮಕ್ಕೆ ಆರರಿಂದ ಎಂಟು ವಾರ ಬೇಕು. ಗೀಳಿಗೆ ಇನ್ನೂ ಹೆಚ್ಚು: ಪವರ್ ಹೆಚ್ಚಿರುತ್ತದೆ, ಹತ್ತು-ಹನ್ನೆರಡು ವಾರ ಕಾಯಬೇಕಾಗುತ್ತದೆ. ತೊಂದರೆ ಏನೆಂದರೆ, ಅಡ್ಡಪರಿಣಾಮಗಳಿಗೆ ಈ ನಿಧಾನ ಇಲ್ಲ. ವಾಕರಿಕೆ, ತಲೆನೋವು, ಭೇದಿ, ಒಂದು ಬಗೆಯ ಚಡಪಡಿಕೆ ಮೊದಲ ವಾರದಲ್ಲೇ ಹಾಜರು. ಅಂದರೆ ಮೊದಲ ಹತ್ತು ದಿನ ಸಿಗುವುದು ಬರೀ ಕಷ್ಟ, ಫಲವಿಲ್ಲ. ಹೆಚ್ಚು ಜನ ಬಿಟ್ಟುಬಿಡುವುದು ಇಲ್ಲಿಯೇ. ತಿಂಡಿ ತಿಂದ ಮೇಲೆ ನುಂಗಿದರೆ ವಾಕರಿಕೆ ತಗ್ಗುತ್ತದೆ. ಬಹುತೇಕ ತೊಂದರೆಗಳು ಎರಡು ವಾರದಲ್ಲಿ ತಾವಾಗಿಯೇ ಇಳಿಯುತ್ತವೆ.

ಇಳಿಯದೆ ಉಳಿಯುವ ತೊಂದರೆಯೊಂದನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ: ಕಾಮಾಸಕ್ತಿ ಕುಗ್ಗುವುದು, ಸುಖದ ತುದಿ ಮುಟ್ಟಲು ಕಷ್ಟವಾಗುವುದು. ಗಂಡಸರಿಗೂ ಹೆಂಗಸರಿಗೂ ಇದು ಸಾಮಾನ್ಯ. ನಾಚಿಕೆಯಿಂದ ಸುಮ್ಮನಿದ್ದು ಮಾತ್ರೆ ಬಿಡುವುದಕ್ಕಿಂತ, “ಡಾಕ್ಟ್ರೇ, ಹೀಗಾಗ್ತಿದೆ” ಎಂದು ಹೇಳಿದರೆ ಪವರ್ ಇಳಿಸಲು, ಬೇರೆ ಮಾತ್ರೆಗೆ ಬದಲಿಸಲು ದಾರಿ ಇದೆ. ವಯಸ್ಸಾದವರಲ್ಲಿ, ಅದರಲ್ಲೂ ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ರಕ್ತದ ಸೋಡಿಯಂ ಇಳಿಯಬಹುದು. ಅಜ್ಜ-ಅಜ್ಜಿ ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ ‘ವಯಸ್ಸಾಯ್ತು’ ಎನ್ನದೆ ರಕ್ತಪರೀಕ್ಷೆ ಮಾಡಿಸಿ.

ಮನೆಯವರು ತಿಳಿದಿರಬೇಕಾದ ಇನ್ನೊಂದು ವಿಷಯ. ಮೊದಲ ಕೆಲವು ವಾರಗಳಲ್ಲಿ ಮನಸ್ಸು ತಿಳಿಯಾಗುವ ಮುಂಚೆಯೇ ಮೈಗೆ ಚಟುವಟಿಕೆ ಬರಬಹುದು. ಸಾಯುವ ಯೋಚನೆ ಇದ್ದವರಿಗೆ, ಅದರಲ್ಲೂ 25ಕ್ಕಿಂತ ಚಿಕ್ಕವರಿಗೆ, ಇದು ಎಚ್ಚರದ ಕಾಲ. ಜೊತೆಯಲ್ಲಿರಿ, ಮಾತಾಡಿಸಿ, ಮಾತ್ರೆಯ ಡಬ್ಬಿ ನಿಮ್ಮ ಕೈಯಲ್ಲಿರಲಿ.

ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಇದೇ ಮನೆತನದ ಹಿರಿಯರು. ಅಮಿಟ್ರಿಪ್ಟಿಲಿನ್ ಅನ್ನು ಈಗ ಕಡಿಮೆ ಪ್ರಮಾಣದಲ್ಲಿ ಮೈಗ್ರೇನಿಗೂ ನರದ ನೋವಿಗೂ ಕೊಡುತ್ತಾರೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಇದರ ಗುಣ. ಪ್ರಾಸ್ಟೇಟ್ ತೊಂದರೆಯ ಹಿರಿಯರು, ಹೃದ್ರೋಗಿಗಳು ಮೊದಲೇ ವೈದ್ಯರಿಗೆ ತಿಳಿಸಬೇಕು. ಮಿತಿ ಮೀರಿದರೆ ಇದು ಹೃದಯಕ್ಕೆ ಅಪಾಯ. ಮನೆಯಲ್ಲಿ ರಾಶಿ ಇಟ್ಟುಕೊಳ್ಳಬಾರದು.

ನಿಜವಾದ ‘ನಿದ್ದೆ ಮಾತ್ರೆ’

ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್, ಲೋರಾಜೆಪಾಮ್, ಡಯಾಜೆಪಾಮ್: ‘ಪಾಮ್’, ‘ಲಾಮ್’ ಎಂದು ಮುಗಿಯುವ ಇವುಗಳಿಗೆ ಬೇಕಾದರೆ ಆ ಹೆಸರು ಸಲ್ಲುತ್ತದೆ. ಅರ್ಧ-ಒಂದು ಗಂಟೆಯಲ್ಲಿ ಎದೆಬಡಿತ ಇಳಿದು, ಮೈ ಸಡಿಲಾಗಿ, ಕಣ್ಣು ಎಳೆಯುತ್ತದೆ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡುವವರೆಗೆ ಆಸರೆಯಾಗಿ, ಎರಡರಿಂದ ನಾಲ್ಕು ವಾರಕ್ಕೆ ಕೊಡುವುದು ವಾಡಿಕೆ. ಆಸರೆಕೋಲನ್ನೇ ಕಾಲು ಮಾಡಿಕೊಂಡಾಗ ತಕರಾರು ಹುಟ್ಟುತ್ತದೆ.

ಚಟ ಹತ್ತುವುದು ಈ ಕುಲಕ್ಕೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮೊದಲ ಪವರ್ ಸಾಲದೆ ಹೆಚ್ಚು ಬೇಕೆನಿಸುತ್ತದೆ. ಥಟ್ಟನೆ ನಿಲ್ಲಿಸಿದರೆ ನಿದ್ದೆ ಹಾರಿ, ಕೈ ನಡುಗಿ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಆದ್ದರಿಂದ ವರ್ಷಗಳಿಂದ ನುಂಗುತ್ತಿರುವವರು ಈ ಬರಹ ಓದಿ ಇವತ್ತೇ ಬಿಸಾಡಬೇಡಿ. ವೈದ್ಯರು ಕಾಲುಕಾಲು ಭಾಗವಾಗಿ, ಅದಕ್ಕೂ ಕಡಿಮೆಯಾಗಿ, ವಾರಗಳ ಮೇಲೆ ವಾರ ಇಳಿಸಿ ಬಿಡಿಸುತ್ತಾರೆ. ಮದ್ಯದ ಜೊತೆ ಇವು ಸೇರಿದರೆ ಉಸಿರಾಟವೇ ಕುಗ್ಗಬಹುದು. ಮುದುಕರಿಗೆ ರಾತ್ರಿ ಬಚ್ಚಲಿಗೆ ಎದ್ದಾಗ ಜೋಲಿ ಹೊಡೆದು ಬಿದ್ದು ಸೊಂಟದ ಮೂಳೆ ಮುರಿಯುವುದಕ್ಕೆ ಇವೂ ಒಂದು ಕಾರಣ. ನುಂಗಿದ ಮೇಲೆ ಬೈಕು, ಟ್ರ್ಯಾಕ್ಟರು ಮುಟ್ಟಬಾರದು.

ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಮುಂತಾದವು ನಮ್ಮ ಕಾನೂನಿನಲ್ಲಿ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರಿದಾಗ ರೋಗಿಯ, ವೈದ್ಯರ ಹೆಸರನ್ನು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಅಂಗಡಿಯವರು ‘ಚೀಟಿ ತನ್ನಿ’ ಎಂದರೆ ಸಿಟ್ಟಾಗಬೇಡಿ, ಅವರು ತಮ್ಮ ಕೆಲಸ ಮಾಡುತ್ತಿದ್ದಾರೆ. ಸುಮ್ಮನೆ ಕೊಟ್ಟರೆ ಯೋಚಿಸಬೇಕು.

ಸ್ಕಿಜೋಫ್ರೀನಿಯಾ ಮತ್ತು ಸೈಕೋಸಿಸ್

ಯಾರೂ ಇಲ್ಲದೆ ದನಿ ಕೇಳುವುದು, ಊರೆಲ್ಲ ತನ್ನ ವಿರುದ್ಧ ಸಂಚು ಹೂಡಿದೆ ಎನ್ನುವ ಬಲವಾದ ಅನುಮಾನ, ಒಬ್ಬರೇ ಗೊಣಗುವುದು. ನಮ್ಮಲ್ಲಿ ಇಂಥವರನ್ನು ಆಸ್ಪತ್ರೆಗೆ ಮೊದಲು ದರ್ಶನಕ್ಕೆ, ತಾಯಿತಕ್ಕೆ ಕರೆದೊಯ್ಯುತ್ತಾರೆ. ಹರಕೆ ಬೇಕಿದ್ದರೆ ತೀರಿಸಿ, ಆದರೆ ಚಿಕಿತ್ಸೆ ತಡವಾದಷ್ಟೂ ಗುಣವಾಗುವುದೂ ತಡ.

ಇದಕ್ಕೆ ಕೊಡುವವು ರಿಸ್ಪೆರಿಡೋನ್, ಓಲಾಂಜಪಿನ್, ಆರಿಪಿಪ್ರಜೋಲ್, ಹಳೆಯದಾದ ಹಾಲೋಪೆರಿಡಾಲ್. ಮುಖ್ಯವಾಗಿ ಡೋಪಮಿನ್‌ನ ಅಬ್ಬರವನ್ನು ತಗ್ಗಿಸುತ್ತವೆ. ನಿದ್ದೆ, ಸಿಟ್ಟು ಕೆಲವು ದಿನಗಳಲ್ಲಿ ಹತೋಟಿಗೆ ಬಂದರೆ, ದನಿಗಳೂ ಅನುಮಾನವೂ ಕರಗಲು ವಾರಗಳು ಹಿಡಿಯುತ್ತವೆ.

ಅಡ್ಡಪರಿಣಾಮ ಎರಡು ಬಗೆ. ಹಾಲೋಪೆರಿಡಾಲ್‌ನಂಥವು ಮೈಯನ್ನು ಬಿಗಿಗೊಳಿಸುತ್ತವೆ: ಕೈ ನಡುಕ, ಜೊಲ್ಲು, ಮರದ ಬೊಂಬೆಯ ನಡಿಗೆ, ಕೂತಲ್ಲಿ ಕೂರಲಾಗದ ತಳಮಳ. ಈ ತಳಮಳವನ್ನು ಮನೆಯವರು ಕಾಯಿಲೆ ಉಲ್ಬಣವಾಯಿತೆಂದು ತಿಳಿದು ಇನ್ನೊಂದು ಮಾತ್ರೆ ಹೆಚ್ಚು ಕೊಡುವುದುಂಟು. ಅದು ಬೆಂಕಿಗೆ ತುಪ್ಪ. ವೈದ್ಯರಿಗೆ ಹೇಳಿದರೆ ಟ್ರೈಹೆಕ್ಸಿಫೆನಿಡಿಲ್‌ನಂಥ ಇನ್ನೊಂದು ಮಾತ್ರೆ ಸೇರಿಸುತ್ತಾರೆ ಅಥವಾ ಪವರ್ ಇಳಿಸುತ್ತಾರೆ. ಓಲಾಂಜಪಿನ್‌ನಂಥವು ಹಸಿವು ಕೆರಳಿಸಿ ತೂಕ, ಸಕ್ಕರೆ, ಕೊಬ್ಬು ಏರಿಸುತ್ತವೆ. ಶುರು ಮಾಡುವ ಮುನ್ನ ತೂಕ, ಸೊಂಟದ ಸುತ್ತಳತೆ, ಶುಗರ್ ಬರೆದಿಟ್ಟು, ಮೂರು ತಿಂಗಳಿಗೊಮ್ಮೆಯಾದರೂ ಹೋಲಿಸಿ ನೋಡಬೇಕು. ರಾತ್ರಿ ಹಸಿವಾದರೆ ಬಜ್ಜಿ-ಬಿಸ್ಕತ್ತಿನ ಬದಲು ಸೌತೆಕಾಯಿ, ಮಜ್ಜಿಗೆ ಕೈಗೆಟುಕುವಂತಿರಲಿ. ರಿಸ್ಪೆರಿಡೋನ್‌ನಿಂದ ಕೆಲವು ಹೆಂಗಸರಿಗೆ ಮುಟ್ಟು ನಿಂತು ಎದೆಯಲ್ಲಿ ಹಾಲು ಜಿನುಗಬಹುದು. ಮದುವೆಯಾಗದ ಹುಡುಗಿಗೆ ಹೀಗಾದಾಗ ಮನೆಯವರು ಏನೇನೋ ಕಲ್ಪಿಸಿಕೊಂಡು ಆಕೆಯನ್ನು ಹಿಂಸಿಸುವುದಿದೆ. ಅದು ಮಾತ್ರೆಯ ಪರಿಣಾಮ ಇರಬಹುದು. ವೈದ್ಯರ ಬಳಿ ಪರಿಹಾರವಿದೆ.

ಬೇರೆ ಎರಡು ಔಷಧಕ್ಕೆ ಬಗ್ಗದಿದ್ದಾಗ ಕ್ಲೋಜಪಿನ್ ಬರುತ್ತದೆ. ಬಹಳ ಪರಿಣಾಮಕಾರಿ, ಆದರೆ ಕೆಲವೇ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಅದಕ್ಕೇ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲುನೋವು ಬಂದರೆ ಬರೀ ಪ್ಯಾರಾಸಿಟಮಾಲ್ ನುಂಗಿ ಸುಮ್ಮನಾಗದೆ ಅಂದೇ ರಕ್ತ ತೋರಿಸಬೇಕು. ಈ ಗುಂಪಿನ ಯಾವುದೇ ಮಾತ್ರೆಯ ಮೇಲಿರುವವರಿಗೆ ಸುಡುಜ್ವರ, ಮೈ ಕೊರಡಿನಂತೆ ಸೆಟೆಯುವುದು, ಪ್ರಜ್ಞೆ ಮಸುಕಾಗುವುದು ಒಟ್ಟಿಗೆ ಕಂಡರೆ ಕಾಯಬಾರದು, ನೇರ ಆಸ್ಪತ್ರೆ.

ದಿನಾ ಮಾತ್ರೆ ಎಂದರೆ ಜಗಳ ಎನ್ನುವ ಮನೆಗಳಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡಿಸುವ ಇಂಜೆಕ್ಷನ್ ಇದೆ. ಫ್ಲೂಫೆನಜಿನ್ ಅವುಗಳಲ್ಲಿ ಹಳೆಯದು, ಅಗ್ಗದ್ದು.

ಬೈಪೋಲಾರ್: ಲಿಥಿಯಂ ಎಂಬ ನಿಷ್ಠುರ ಗೆಳೆಯ

ಒಮ್ಮೆ ಮುಗಿಲಿಗೇರುವ ಉತ್ಸಾಹ, ನಿದ್ದೆಯಿಲ್ಲದ ಖರ್ಚು, ಇನ್ನೊಮ್ಮೆ ಪಾತಾಳ. ಈ ಏರಿಳಿತವನ್ನು ಸಮಸ್ಥಿತಿಗೆ ತರುವವು ಲಿಥಿಯಂ, ವಾಲ್ಪ್ರೊಯೇಟ್ ಮತ್ತಿತರ ಔಷಧಗಳು. ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲಿ ಲಿಥಿಯಂಗೆ ವಿಶೇಷ ಹೆಸರಿದೆ.

ಆದರೆ ಲಿಥಿಯಂ ನಿಯಮ ತಪ್ಪಿದವರನ್ನು ಕ್ಷಮಿಸದು. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ. ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ. ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿನಲ್ಲಿರಿ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ ನುಂಗಿ. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯೂ ಆಗಾಗ ಬೇಕು.

ಲಿಥಿಯಂ ಉಪ್ಪಿನ ಬಳಗದ್ದು. ದೇಹದಲ್ಲಿ ನೀರು, ಉಪ್ಪು ಇಳಿದರೆ ಇದರ ಮಟ್ಟ ಏರುತ್ತದೆ. ಆದ್ದರಿಂದ ಭೇದಿ, ವಾಂತಿ, ಬಿಸಿಲಿನ ಹೊಲದ ಕೆಲಸ, ನಿರ್ಜಲ ಉಪವಾಸ, ಥಟ್ಟನೆ ಉಪ್ಪು ಬಿಟ್ಟ ಪಥ್ಯ, ಎಲ್ಲದರಲ್ಲೂ ಎಚ್ಚರ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ, ಬಿಪಿಯ ಕೆಲವು ಮಾತ್ರೆಗಳೂ ಮಟ್ಟ ಏರಿಸುತ್ತವೆ. ಬೆನ್ನುನೋವೆಂದು ಅಂಗಡಿಯಿಂದ ಒಂದು ಶೀಟು ತರುವ ಮುನ್ನ ‘ಲಿಥಿಯಂ ತಗೊಳ್ತೀನಿ’ ಎಂದು ಹೇಳಿ. ಕೈ ಜೋರಾಗಿ ನಡುಗಿ, ವಾಂತಿ-ಭೇದಿಯಾಗಿ, ಮಾತು ತೊದಲಿ, ಕುಡಿದವರಂತೆ ಕಾಲು ತಪ್ಪಿದರೆ ಮುಂದಿನ ಮಾತ್ರೆ ನುಂಗದೆ ಆಸ್ಪತ್ರೆಗೆ ಓಡಿ.

ಫಿಟ್ಸ್‌ಗೂ ಬಳಸುವ ವಾಲ್ಪ್ರೊಯೇಟ್‌ನ ಎಚ್ಚರ ಬೇರೆ. ಗರ್ಭಿಣಿ ತೆಗೆದುಕೊಂಡರೆ ಮಗುವಿನ ಬೆನ್ನುಹುರಿ, ಬುದ್ಧಿ ಬೆಳವಣಿಗೆಗೆ ಹಾನಿಯಾಗುವ ಸಾಧ್ಯತೆ ಹೆಚ್ಚು. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಸಾಧ್ಯವಾದಷ್ಟೂ ಬೇರೆ ಔಷಧವನ್ನೇ ಆರಿಸುತ್ತಾರೆ. ಮದುವೆ ಗೊತ್ತಾದಾಗಲೇ ವೈದ್ಯರ ಬಳಿ ಮಾತಾಡಬೇಕು, ತಿಂಗಳು ತಪ್ಪಿದ ಮೇಲೆ ಅಲ್ಲ. ಹಾಗೆಂದು ಬಸುರಿಯಾದ ಕೂಡಲೇ ಎಲ್ಲ ಮಾತ್ರೆ ಎಸೆಯುವುದೂ ತಪ್ಪು. ತಾಯಿಯ ಕಾಯಿಲೆ ಮರುಕಳಿಸಿದರೆ ಮಗುವಿಗೂ ಅಪಾಯವೇ. ಬಸುರಿನಲ್ಲೂ ಬಾಣಂತನದಲ್ಲೂ ಕೊಡಬಹುದಾದ ಔಷಧಗಳಿವೆ.

ಸಾರಿನಲ್ಲಿ ಬೆರೆಸುವ ಗುಟ್ಟು

ಕುಡಿತ ಬಿಡಿಸಲು ‘ಗೊತ್ತಾಗದ ಹಾಗೆ ಊಟದಲ್ಲಿ ಹಾಕಿ’ ಎಂದು ಕೊಡುವ ಪುಡಿ, ಮಾತ್ರೆಗಳ ಜಾಹೀರಾತನ್ನು ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ನೀವೂ ನೋಡಿರುತ್ತೀರಿ. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಂ ಎಂಬ ಔಷಧ ಹೊಟ್ಟೆಯಲ್ಲಿರುವಾಗ ಮದ್ಯ ಬಿದ್ದರೆ ಮುಖ ಕೆಂಪಾಗಿ, ಎದೆ ಡವಗುಟ್ಟಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ, ಜೀವವೇ ಹೋಗಬಹುದು. ಕುಡಿಯುವವನಿಗೆ ಗೊತ್ತಿದ್ದು, ಒಪ್ಪಿ, ಮನೆಯವರ ಎದುರು ನುಂಗಿದರೆ ಅದು ಔಷಧ. ಗುಟ್ಟಾಗಿ ಸಾರಿಗೆ ಬೆರೆಸಿದರೆ ವಿಷ. ನಾಲ್ಟ್ರೆಕ್ಸೋನ್‌ನಂಥ ಬೇರೆ ಔಷಧಗಳೂ ಇವೆ. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಿದಾಗ ಎರಡು-ಮೂರು ದಿನದಲ್ಲಿ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು. ಆದ್ದರಿಂದ ಕುಡಿತ ನಿಲ್ಲಿಸುವುದನ್ನೂ ವೈದ್ಯರ ಕಣ್ಗಾವಲಿನಲ್ಲೇ ಮಾಡಬೇಕು.

ನಿಲ್ಲಿಸುವುದು ಯಾವಾಗ, ಹೇಗೆ?

‘ಶುರು ಮಾಡಿದರೆ ಜೀವನಪೂರ್ತಿ’ ಎಂಬ ಭಯ ಎಲ್ಲರದು. ಲೆಕ್ಕ ಕಾಯಿಲೆಯ ಮೇಲೆ ನಿಂತಿದೆ. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೆ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ ನಿಧಾನವಾಗಿ ನಿಲ್ಲಿಸಬಹುದು. ಮತ್ತೆ ಮತ್ತೆ ಬಂದಿದ್ದರೆ ಎರಡು ವರ್ಷ ಅಥವಾ ಹೆಚ್ಚು. ಬೈಪೋಲಾರ್, ಸ್ಕಿಜೋಫ್ರೀನಿಯಾ ಸಾಮಾನ್ಯವಾಗಿ ವರ್ಷಗಳ ಲೆಕ್ಕ. ಬಿಪಿ, ಶುಗರ್ ಇದ್ದ ಹಾಗೆ. ಬಿಪಿ ಮಾತ್ರೆಗೆ ‘ಅಡಿಕ್ಟ್ ಆದ’ ಎಂದು ಯಾರೂ ಹೇಳುವುದಿಲ್ಲ.

ಖಿನ್ನತೆಯ ಮಾತ್ರೆಗೆ ಚಟವಿಲ್ಲ. ಬೇಕೆಂಬ ಹಪಾಹಪಿ ಇಲ್ಲ, ಪವರ್ ಏರಿಸುತ್ತಲೇ ಹೋಗಬೇಕಿಲ್ಲ. ಆದರೂ ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ, ವಿಚಿತ್ರ ಕನಸು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಆಗಬಹುದು. ಪ್ಯಾರಾಕ್ಸೆಟಿನ್, ವೆನ್‌ಲಾಫ್ಯಾಕ್ಸಿನ್ ಇದರಲ್ಲಿ ಮುಂದು. ಹಂತಹಂತವಾಗಿ ಇಳಿಸಿದರೆ ಈ ಕಾಟ ಕಡಿಮೆ. ಬಿಟ್ಟ ಕೆಲವೇ ದಿನದಲ್ಲಿ ಕಾಣುವುದು ಬಹುಪಾಲು ಇದೇ. ವಾರಗಳು, ತಿಂಗಳುಗಳು ಕಳೆದ ಮೇಲೆ ಹಳೆಯ ದುಃಖ ಮೆಲ್ಲಗೆ ಬಂದು ಕೂತರೆ ಅದು ಕಾಯಿಲೆ ಮರಳಿದ ಸೂಚನೆ. ನಮ್ಮ ದೊಡ್ಡಮ್ಮನಿಗೆ ಎರಡೂ ಆಗಿತ್ತು. ಮೊದಲ ವಾರದ ತಲೆಸುತ್ತನ್ನು ಪಿತ್ತ ಎಂದುಕೊಂಡು ಶುಂಠಿ ಕಷಾಯ ಕುಡಿದಿದ್ದರು.

ಒಂದು ಹೊತ್ತಿನ ಮಾತ್ರೆ ಮರೆತರೆ? ಅದೇ ದಿನ ನೆನಪಾದರೆ ನುಂಗಿ. ಮರುದಿನ ನೆನಪಾದರೆ ಹಿಂದಿನದನ್ನು ಬಿಟ್ಟುಬಿಡಿ. ಎರಡನ್ನೂ ಸೇರಿಸಿ ನುಂಗಬಾರದು, ಲಿಥಿಯಂ ಆದರಂತೂ ಖಂಡಿತ ಕೂಡದು. ‘ಈ ಮಾತ್ರೆ ಉಷ್ಣ, ಹಾಲು-ತುಪ್ಪ ಜಾಸ್ತಿ ತಿನ್ನಬೇಕು’ ಎಂಬ ಸಲಹೆಗೆ ಆಧಾರವಿಲ್ಲ. ಓಲಾಂಜಪಿನ್ ತೆಗೆದುಕೊಳ್ಳುವವರಿಗೆ ಅದು ತೂಕದ ಹಾದಿ. ಆಯುರ್ವೇದ, ನಾಟಿ ಔಷಧ ಜೊತೆಗಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

ಎಲ್ಲಿ ಸಿಗುತ್ತದೆ, ಎಷ್ಟು ಖರ್ಚು?

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋದರೆ ಮಾತ್ರ ಚಿಕಿತ್ಸೆ ಎಂಬ ಭಾವನೆಯೂ ಇದಕ್ಕೊಂದು ಕಾರಣ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮಾತ್ರೆ ಸಿಗುವಂತೆ ಮಾಡಬಹುದು ಎಂದು 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ಕರ್ನಾಟಕದಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ಮುಖ್ಯ ಔಷಧಗಳು ಉಚಿತ. ಜನೌಷಧಿ ಕೇಂದ್ರಗಳಲ್ಲಿ ಜನರಿಕ್ ರೂಪದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಲಿಥಿಯಂನಂಥದ್ದರಲ್ಲಿ ಕಂಪನಿ ಬದಲಿಸುವಾಗ ವೈದ್ಯರಿಗೊಂದು ಮಾತು ತಿಳಿಸಿ. ದೇಹದ ಕಾಯಿಲೆಗೆ ಸಿಗುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ದುಬೈ, ಅಬುಧಾಬಿಗೆ ಹೊರಟ ಕರಾವಳಿಯವರು ಗಮನಿಸಿ: ಮನೋವೈದ್ಯರು ಬರೆಯುವ ಕೆಲವು ಮಾತ್ರೆಗಳು ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಮುಂಚಿತವಾಗಿ ಅನುಮತಿ ಪಡೆದು, ಚೀಟಿ ಜೊತೆಗಿಟ್ಟುಕೊಂಡೇ ಹೊರಡಿ.

ಮಾತಾಡಲು ಯಾರೂ ಇಲ್ಲವೆನಿಸಿದರೆ ಟೆಲಿ-ಮಾನಸ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸಹಾಯವಾಣಿಯಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡಬಹುದು. ಯಾರಾದರೂ ಹೆಚ್ಚು ಮಾತ್ರೆ ನುಂಗಿದ್ದಾರೆಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ; 108ಕ್ಕೆ ಕರೆ ಮಾಡಿ, ಖಾಲಿ ಶೀಟುಗಳನ್ನೂ ಜೊತೆಗೆ ಒಯ್ಯಿರಿ. ಪೊಲೀಸರ ಭಯದಿಂದ ತಡಮಾಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೇಲೆ ಹೇಳಿದ 2017ರ ಕಾಯ್ದೆ ಭಾವಿಸುತ್ತದೆ.

ಚೀಟಿ ಕೈಗೆ ಬಂದಾಗ ಕೇಳಬೇಕಾದ ಆರು ಪ್ರಶ್ನೆ

1. ಈ ಮಾತ್ರೆಯ ಹೆಸರೇನು? ಕಂಪನಿಯ ಹೆಸರಲ್ಲ, ಔಷಧದ ಹೆಸರು.
2. ಯಾವ ತೊಂದರೆಗೆ ಕೊಟ್ಟಿದ್ದೀರಿ?
3. ಎಷ್ಟು ದಿನದಲ್ಲಿ ಫಲ ಕಾಣುತ್ತದೆ?
4. ಯಾವ ಅಡ್ಡಪರಿಣಾಮವನ್ನು ಸಹಿಸಿಕೊಳ್ಳಬೇಕು, ಯಾವುದಕ್ಕೆ ಓಡಿಬರಬೇಕು?
5. ನನ್ನ ಬೇರೆ ಮಾತ್ರೆಗಳ ಜೊತೆ ಹೊಂದುತ್ತದೆಯೇ? ರಕ್ತಪರೀಕ್ಷೆ ಬೇಕೇ?
6. ಎಲ್ಲಿಯವರೆಗೆ? ನಿಲ್ಲಿಸುವುದು ಹೇಗೆ?

ಅಂಗಡಿಯಲ್ಲಿ ಪೂರ್ತಿ ಶೀಟನ್ನೇ ಕೇಳಿ. ಕತ್ತರಿಸಲೇಬೇಕಾದರೆ ಹೆಸರು, ಅವಧಿ ಮುಗಿಯುವ ದಿನಾಂಕ ಇರುವ ಕಡೆಯದು ನಿಮಗಿರಲಿ. ಇಲ್ಲವೇ ಅದರ ಫೋಟೊ ತೆಗೆದುಕೊಳ್ಳಿ.

ದೊಡ್ಡಮ್ಮನ ಬಿಸ್ಕತ್ತಿನ ಡಬ್ಬಿ ಈಗಲೂ ಇದೆ. ಮುಚ್ಚಳದ ಒಳಗಡೆ ಕ್ಯಾಲೆಂಡರಿನ ಹಿಂಬದಿಯ ಹಾಳೆಯೊಂದನ್ನು ಅಂಟಿಸಿದ್ದೇವೆ. ಅದರಲ್ಲಿ ಕನ್ನಡದ ದಪ್ಪ ಅಕ್ಷರದಲ್ಲಿ ಮಾತ್ರೆಯ ಹೆಸರು, ಹೊತ್ತು, ಯಾತಕ್ಕೆ, ಎಲ್ಲಿಯವರೆಗೆ. ಸಣ್ಣ ಬಿಳಿಯದನ್ನು ವೈದ್ಯರು ಎರಡು ತಿಂಗಳಲ್ಲಿ ಇಳಿಸಿ ಇಳಿಸಿ ನಿಲ್ಲಿಸಿದರು. ಆ ಸಾಲಿನ ಮೇಲೆ ದೊಡ್ಡಮ್ಮ ತಾವೇ ಗೆರೆ ಎಳೆದರು. ಮೊನ್ನೆ ಹೊಸ ವೈದ್ಯೆಯೊಬ್ಬರು, “ಏನಮ್ಮಾ, ನಿದ್ದೆ ಮಾತ್ರೆ ತಗೋತಿದೀರಾ?” ಎಂದು ವಾಡಿಕೆಯಂತೆ ಕೇಳಿದರು.

“ಇಲ್ಲಮ್ಮಾ, ಅದು ಬಿಟ್ಟು ಐದು ತಿಂಗಳಾಯ್ತು,” ಎಂದರು ದೊಡ್ಡಮ್ಮ. “ಈಗ ಎಸ್ಟಾಲೊಪ್ರಾಮ ಒಂದೇ. ಹತ್ತರದು. ತಿಂಡಿ ಆದ್ಮೇಲೆ.”

ವೈದ್ಯೆ ನಗುತ್ತಾ ಅದನ್ನೇ ಬರೆದುಕೊಂಡರು. ಒಂದೆರಡು ಅಕ್ಷರ ಆಚೀಚೆ ಆಗಿದ್ದರೂ ಯಾವ ಮಾತ್ರೆ ಎಂದು ಅವರಿಗೆ ತಿಳಿದಿತ್ತು.